ಕರೆಂಟು ಹೋದರೂ ಕೈಬಿಡದ ಹಿಡಿಕೆ

ಕಾಸರಗೋಡಿನ ನಮ್ಮ ಶೆಡ್ಡಿನಲ್ಲಿ ಸುಲಿಯದ ತೆಂಗಿನಕಾಯಿ ಎತ್ತಿಡಲು ಮೋಟಾರು ಹಿಡಿಕೆ (ಗ್ರಿಪ್ಪರ್) ಮಾಡಿ ಪೇಟೆಂಟಿಗೆ ಅರ್ಜಿ ಹಾಕಿದ್ದೆ. ಪೇಟೆಂಟ್ ಕಚೇರಿಯಿಂದ ಮೊದಲ ಪರೀಕ್ಷಾ ವರದಿ ಬಂತು: ಹೊಸತೇನೂ ಇಲ್ಲ. ಉತ್ತರಕ್ಕೆ 6 ತಿಂಗಳು.

ಓದಿ ನೋಡಿದರೆ ತಪ್ಪು ನನ್ನದೇ. ಒಂದನೇ ಕ್ಲೇಮಿನಲ್ಲಿ, ಅಂದರೆ ಯಾವುದಕ್ಕೆ ಹಕ್ಕು ಬೇಕೆಂದು ಹೇಳುವ ವಾಕ್ಯದಲ್ಲಿ, ‘ಮೋಟಾರಿನಿಂದ ಮುಚ್ಚುವ ಎರಡು ದವಡೆ’ ಅಂತ ಸುಮ್ನೆ ಬರೆದಿದ್ದೆ. ಅದು ಎಲ್ಲರ ಹತ್ರವೂ ಇದೆ, ಅಲ್ವಾ? ನನ್ನ ಕೆಲಸ ಇದ್ದದ್ದು ಒಳಗೆ. ನಾನು ಹಾಕಿದ ವರ್ಮ್ ಗೇರ್ (ತಿರುಪಿನಂಥ ದಂಡ ತಿರುಗಿಸುವ ಹಲ್ಲುಚಕ್ರ) ದವಡೆ ಕಡೆಯಿಂದ ತಳ್ಳಿದರೆ ಹಿಂದಕ್ಕೆ ತಿರುಗದು, ಕರೆಂಟು ಹೋದರೂ ದವಡೆ ತೆರೆಯದು. ಆದರೆ ಸಿಪ್ಪೆ ಅದುಮಿದ ಹಾಗೆ ತಗ್ಗುತ್ತದೆ, ಹಿಡಿತ ಸಡಿಲ. ಅದಕ್ಕೇ ದವಡೆಯನ್ನು ಒತ್ತುತ್ತಲೇ ಇರಲಿ ಅಂತ ಅದರ ಹಿಂದೆ ಸ್ಪ್ರಿಂಗ್ ಇಟ್ಟಿದ್ದೆ.

1970ರ ಪೇಟೆಂಟ್ ಕಾಯ್ದೆಯ 59ನೇ ಸೆಕ್ಷನ್ ಪ್ರಕಾರ ಮೊದಲ ಅರ್ಜಿಯಲ್ಲಿಲ್ಲದ್ದನ್ನು ಆಮೇಲೆ ತುರುಕುವಂತಿಲ್ಲ. ಪುಣ್ಯಕ್ಕೆ ಸ್ಪ್ರಿಂಗ್ ಚಿತ್ರದಲ್ಲೂ ವಿವರಣೆಯಲ್ಲೂ ಇತ್ತು. ಗೇರ್, ಸ್ಪ್ರಿಂಗ್ ಎರಡನ್ನೂ ಒಂದನೇ ಕ್ಲೇಮಿಗೆ ಸೇರಿಸಿ, ಜೊತೆಯಾಗಿ ಏನು ಮಾಡುತ್ತವೆಂದು ವಿವರಿಸಿದೆ. ಆಕ್ಷೇಪ ಹೋಯಿತು.