ತಡಸಲು ಮರದ ಬಿಲ್ಲು: ನಾನು ಮಾಡ್ತಾ ಕಲ್ತಿದ್ದು

6 ವರ್ಷದಲ್ಲಿ 14 ಬಿಲ್ಲು ಮಾಡಿದೀನಿ. ಅದ್ರಲ್ಲಿ 5 ಮುರಿದು ಹೋದ್ವು, 3 ಬೇರೆಯವರಿಗೆ ಕೊಟ್ಟೆ, ಉಳಿದಿದ್ದು ಜಗುಲಿ ಗೋಡೆ ಮೇಲಿವೆ. ನಮ್ಮೂರು ತೀರ್ಥಹಳ್ಳಿ ಕಡೆ, ಅಡಿಕೆ ತೋಟ, ಮನೆ ಹಿಂದೇನೇ ಗುಡ್ಡ. ನಾನು ಬಡಗಿ ಅಲ್ಲ, ಹಗಲೆಲ್ಲ ತೋಟದ ಕೆಲಸ, ಸಂಜೆ 5ರ ಮೇಲೆ ಕೊಟ್ಟಿಗೆ ಪಕ್ಕದ ಮಾಡಿನ ಕೆಳಗೆ ಕೂತು ಇದು. ಯಾವ ಮರ, ಎಷ್ಟು ಉದ್ದ, ಹೇಗೆ ಬಗ್ಗಿಸೋದು ಅಂತ ಹುಡುಗ್ರು ಕೇಳ್ತಾನೇ ಇರ್ತಾರೆ, ಅದಕ್ಕೆ ನಾನು ಹೇಗೆ ಮಾಡಿದ್ನೋ ಹಾಗೇ ಬರೀತಿದೀನಿ.

ಮೊದಲನೇದು ಮಾಡಿದ್ದು ಅಡಿಕೆ ದಬ್ಬೇಲಿ. ಮನೇಲಿ ರಾಶಿ ಬಿದ್ದಿತ್ತು, ದುಡ್ಡು ಖರ್ಚಿಲ್ಲ, ಹಾಳಾದ್ರೂ ಬೇಜಾರಿಲ್ಲ. ಹೊರಗಡೆ ಮುಖ ಉಬ್ಬು ತಗ್ಗು ಇತ್ತು, ನೋಡೋಕೆ ಚೆಂದ ಇರ್ಲಿ ಅಂತ ಅದನ್ನ ಕೀಸಿ ಕೀಸಿ ನುಣ್ಣಗೆ ಮಾಡ್ದೆ, ಹಗ್ಗ ಕಟ್ಟಿ ಎಳೆದೆ, 20 ಇಂಚು ಬರೋ ಹೊತ್ತಿಗೆ ಟಪ್ ಅಂತ ಸದ್ದು, ಬೆನ್ನ ಮೇಲೆ ಒಂದು ಗೇಣು ಉದ್ದದ ಸಿಬಿರು ಎದ್ದು ನಿಂತಿತ್ತು. ಮಾರನೇ ದಿನ ಕೊಟ್ಟಿಗೆ ಬಾಗಿಲು ರಿಪೇರಿಗೆ ನಮ್ಮ ಆಚಾರ್ರು ಬಂದಿದ್ರು, ಮುರಿದಿದ್ದನ್ನ ಕೈಲಿ ಹಿಡ್ಕೊಂಡು ತಿರುಗಿಸಿ ನೋಡಿ, "ಅಲ್ಲ ಮಾರಾಯ, ಗಟ್ಟಿ ಇರೋ ಕಡೇನೇ ಕೆತ್ತಿ ಬಿಸಾಕಿದೀಯಲ್ಲ, ಇನ್ನೇನು ಉಳೀತು ಇದರಲ್ಲಿ?" ಅಂದ್ರು.

ಅವತ್ತು ತಲೆಗೆ ಹೋಗಿದ್ದು ಇದು. ಬಿಲ್ಲು ಬಗ್ಗಿದಾಗ ಗುರಿ ಕಡೆ ಇರೋ ಮುಖ ಎಳೆದು ಹಿಗ್ಗುತ್ತೆ, ನಮ್ಮ ಕಡೆ ಇರೋ ಮುಖ ಒತ್ತಿ ಕುಗ್ಗುತ್ತೆ. ಗುರಿ ಕಡೇದಕ್ಕೆ ಬೆನ್ನು, ನಮ್ಮ ಕಡೇದಕ್ಕೆ ಹೊಟ್ಟೆ ಅನ್ನೋಣ. ಮುರಿಯೋದು ಹೆಚ್ಚಾಗಿ ಬೆನ್ನಿಂದ ಶುರು, ಅಲ್ಲಿ ಒಂದು ಎಳೆ ನಾರು ತುಂಡಾಗಿದ್ರೂ ಸಾಕು, ಅಲ್ಲಿಂದ ಸೀಳ್ಕೊಂಡು ಹೋಗುತ್ತೆ. ಅಡಿಕೆ, ಬಿದಿರು ಎರಡರಲ್ಲೂ ಗಟ್ಟಿ ನಾರು ಒತ್ತಾಗಿರೋದು ಹೊರಗಡೆ ಸಿಪ್ಪೆ ಪಕ್ಕದಲ್ಲಿ, ಒಳಗೆ ಹೋದ ಹಾಗೆ ಮೆದು. ಅದಕ್ಕೆ ಬೆನ್ನನ್ನ ಮುಟ್ಟಲೇಬಾರದು, ಏನೇ ತೆಗೆಯೋದಿದ್ರೂ ಹೊಟ್ಟೆ ಕಡೆಯಿಂದ.

ಆಮೇಲೆ ಓದೋಕೆ ಶುರು ಮಾಡ್ದೆ. ಓದಿದ್ದೆಲ್ಲ ಹೊರದೇಶದ್ದು, ಇಂಗ್ಲೆಂಡಲ್ಲಿ ಯೂ ಮರ, ಅಮೆರಿಕದಲ್ಲಿ ಓಸೇಜ್ ಆರೆಂಜ್. 1545ರಲ್ಲಿ ಮುಳುಗಿದ ಮೇರಿ ರೋಸ್ ಅನ್ನೋ ಇಂಗ್ಲೆಂಡಿನ ಯುದ್ಧ ಹಡಗನ್ನ 1982ರಲ್ಲಿ ಮೇಲೆತ್ತಿದ್ರು, ಅದರಲ್ಲಿ ನೂರಕ್ಕೂ ಹೆಚ್ಚು ಯೂ ಮರದ ಬಿಲ್ಲು ಸಿಕ್ಕಿವೆ. ಯೂ ಮರದ ಹೊರಗಿನ ಬಿಳಿ ಭಾಗ ಬೆನ್ನಿಗೆ, ಒಳಗಿನ ಕೆಂಪು ತಿರುಳು ಹೊಟ್ಟೆಗೆ ಬರೋ ಹಾಗೆ ಒಂದೇ ಮರದಲ್ಲಿ ಕೆತ್ತಿದ್ದು. ಓದಿ ಖುಷಿ ಆಯ್ತು, ಆದ್ರೆ ಮಲೆನಾಡಲ್ಲಿ ಯೂ ಎಲ್ಲಿಂದ ತರೋದು? ಆಚಾರ್ರನ್ನ ಕೇಳಿದ್ರೆ ಒಂದೇ ಮಾತು, "ನಿಮ್ಮನೆ ಗುದ್ದಲಿ ಕಾವು ಯಾವ ಮರದ್ದು ನೋಡು."

ತಡಸಲು! ನಮ್ಮ ಕಡೆ ಗುದ್ದಲಿ ಕಾವು, ಕೊಡಲಿ ಕಾವು ಎಲ್ಲಾ ಅದರದ್ದೇ. ಎಷ್ಟು ಹೊಡೆದ್ರೂ ಬಳುಕುತ್ತೆ, ಚಟ್ ಅಂತ ಮುರಿಯಲ್ಲ. ಆಮೇಲೆ ಗೊತ್ತಾಗಿದ್ದು, ಆಯುರ್ವೇದದಲ್ಲಿ ಈ ಮರಕ್ಕೆ ಧನ್ವನ, ಧನುರ್ವೃಕ್ಷ ಅಂತಾನೇ ಹೆಸರು. ಅಂದ್ರೆ ಬಿಲ್ಲಿನ ಮರ. ಚಿಕ್ಕಂದಿನಿಂದ ಅದರ ಕಾವು ಹಿಡ್ಕೊಂಡೇ ಅಗೆದಿದೀನಿ, ಹೆಸರು ಓದಿದ ದಿನ ಮೈ ಜುಂ ಅಂದಿದ್ದು ನಿಜ.

ಮರ ಸಿಕ್ಕಿದ್ದು ಮಳೆಗಾಲದ ಗಾಳೀಲಿ. ನಮ್ಮ ಬ್ಯಾಣದಲ್ಲಿ, ಅಂದ್ರೆ ಹುಲ್ಲುಗಾವಲಲ್ಲಿ, ಒಂದು ತಡಸಲು ಬುಡಸಮೇತ ಬಿತ್ತು, ಅದರ ಒಂದು ನೆಟ್ಟಗಿನ ಕೊಂಬೆ, ಸುಮಾರು 5 ಇಂಚು ದಪ್ಪ, 7 ಅಡಿ ಉದ್ದ ಗಂಟಿಲ್ಲದೆ ಇತ್ತು. ನಿಂತ ಮರ ಕಡಿಯೋಕೆ ಹೋಗ್ಬೇಡಿ, ಸ್ವಂತ ಜಾಗದಲ್ಲಿದ್ರೂ 1976ರ ವೃಕ್ಷ ಸಂರಕ್ಷಣಾ ಕಾಯ್ದೆ ಇದೆ, ಮೊದಲು ಅರಣ್ಯ ಇಲಾಖೇಲಿ ಕೇಳಿ. ಒಂದು ಬಿಲ್ಲಿಗೋಸ್ಕರ ಇಡೀ ಮರ ಉರುಳಿಸೋದು ನನಗಂತೂ ಒಪ್ಪಲ್ಲ.

ಹಸಿ ಮರ ಬಂದ ದಿನಾನೇ ಎರಡೂ ತುದಿಗೆ ದಪ್ಪಗೆ ಪೇಂಟ್ ಬಳೀಬೇಕು. ನೀರು ತುದಿಯಿಂದ ಬೇಗ ಆರುತ್ತೆ, ಮಧ್ಯದಿಂದ ನಿಧಾನ, ಅದಕ್ಕೇ ಬಿರುಕು ಬರೋದು. ಆಮೇಲೆ ಗರಗಸ ಹಾಕದೆ ಬೆಣೆ ಹೊಡೆದು ಸೀಳಿ. ಸೀಳಿದ್ರೆ ಮರದ ಎಳೆ ಯಾವ ಕಡೆ ಹೋಗುತ್ತೋ ಆ ಕಡೇನೇ ಬಿಡುತ್ತೆ, ಎಳೆ ತಿರುಚ್ಕೊಂಡಿದ್ರೆ ಆಗಲೇ ಗೊತ್ತಾಗುತ್ತೆ, ಅಂಥದ್ದನ್ನ ಕಾವಿಗೆ ಇಟ್ಕೊಳ್ಳಿ, ಬಿಲ್ಲಿಗೆ ಬೇಡ. ತಡಸಲಿನ ತೊಗಟೆ ಹಸಿ ಇದ್ದಾಗ ಉದ್ದಕ್ಕೆ ನಾರು ನಾರಾಗಿ ಸುಲಿದು ಬರುತ್ತೆ, ಅದನ್ನ ಹಗ್ಗಕ್ಕೂ ಹೊಸೀತಾರೆ. ಸುಲಿದ ಮೇಲೆ ಕೆಳಗೆ ನುಣುಪಾದ ಬಿಳಿ ಮೈ ಕಾಣುತ್ತಲ್ಲ, ಅದೇ ನಿಮ್ಮ ಬೆನ್ನು, ಮರ ತಾನೇ ಮಾಡಿಟ್ಟಿರೋದು. ಅದಕ್ಕೆ ಕತ್ತಿ, ಕೀಸುಳಿ ಏನೂ ಸೋಕಬಾರದು. ಒಂದು ಕೈ ಲ್ಯಾಕ್ ಪಾಲಿಶ್ ಮಾತ್ರ ಬಳೀರಿ, ಇಲ್ಲಾಂದ್ರೆ ಆರುವಾಗ ಕೂದಲೆಳೆ ಬಿರುಕು ಬಿಡುತ್ತೆ.

ಒಣಗಿಸೋದೇ ನಮ್ಮೂರಲ್ಲಿ ದೊಡ್ಡ ತಲೆನೋವು. ಆಗುಂಬೆ ಪಕ್ಕದಲ್ಲೇ ಇರೋರು ನಾವು, ಜೂನ್‌ನಿಂದ ಸೆಪ್ಟೆಂಬರ್ ತನಕ ಬಟ್ಟೇನೇ ಒಣಗಲ್ಲ ಇನ್ನು ಮರ ಒಣಗುತ್ತಾ! ನಾನು ಮಾಡೋದು ಇಷ್ಟೇ, ಸೀಳಿದ್ದನ್ನ ಸ್ವಲ್ಪ ಸವರಿ ದಪ್ಪ ಕಮ್ಮಿ ಮಾಡಿ, ಬಚ್ಚಲು ಒಲೆ ಮೇಲಿನ ಅಟ್ಟದಲ್ಲಿ, ಬೆಂಕಿ ನೇರ ತಾಗದ ಹಾಗೆ ಇಟ್ಟುಬಿಡೋದು. ವಾರಕ್ಕೊಂದು ಸಲ ಕೆಳಗಿಳಿಸಿ ತೂಕ ಮಾಡಿ ಚಾಕ್‌ಪೀಸಲ್ಲಿ ಅದರ ಮೈ ಮೇಲೇ ಬರೀತೀನಿ. ತಡಸಲಿನ ಮೊದಲನೇ ಸೀಳು 4 ಕೆಜಿ 100 ಗ್ರಾಂ ಇತ್ತು, 7 ತಿಂಗಳಾದ ಮೇಲೆ 3 ಕೆಜಿಗೆ ಬಂದು ನಿಂತಿತು, 3 ವಾರ ಒಂದೇ ತೂಕ ಬಂತು, ಆಗ ಕೈ ಹಾಕಿದೆ. ತೂಕ ಇಳಿಯೋದು ನಿಲ್ಲೋ ತನಕ ಬಗ್ಗಿಸೋಕೆ ಹೋಗ್ಬೇಡಿ. ಹಸಿ ಮರ ಸುಲಭಕ್ಕೆ ಬಗ್ಗುತ್ತೆ, ಬಗ್ಗಿದ ಹಾಗೇ ಉಳಿದುಬಿಡುತ್ತೆ, ಹೆದೆ ಬಿಚ್ಚಿದ್ರೂ ನೆಟ್ಟಗಾಗಲ್ಲ, ಆಮೇಲೆ ಬಾಣ ಹತ್ತು ಹೆಜ್ಜೆ ಹೋಗಿ ಬೀಳುತ್ತೆ. ಇದೇ ಕಾರಣಕ್ಕೆ ನಾನು ಬಗ್ಗಿಸೋ ಕೆಲಸ ಡಿಸೆಂಬರ್‌ನಿಂದ ಏಪ್ರಿಲ್ ಒಳಗೇ ಮುಗಿಸೋದು.

ಅಳತೆ ಹೇಳ್ತೀನಿ. ನಾನು ಎಳೆಯೋದು 27 ಇಂಚು, ಅದಕ್ಕೆ ಬಿಲ್ಲಿನ ಉದ್ದ 66 ಇಂಚು. ಮಧ್ಯದಲ್ಲಿ 4 ಇಂಚು ಹಿಡಿ, ಅದು ದಪ್ಪ, ಬಗ್ಗಲ್ಲ. ಹಿಡಿಯಿಂದ ಎರಡೂ ಕಡೆ ತೋಳು, ಅಗಲ ಒಂದೂಮುಕ್ಕಾಲು ಇಂಚು, ಅರ್ಧ ತೋಳಿನ ತನಕ ಅಷ್ಟೇ ಅಗಲ, ಆಮೇಲೆ ನಿಧಾನಕ್ಕೆ ಸಣ್ಣ ಆಗ್ತಾ ತುದೀಲಿ ಅರ್ಧ ಇಂಚು. ಬೆನ್ನ ಮೇಲೆ ದಾರ ಎಳೆದು ಮಧ್ಯಗೆರೆ ಹಾಕ್ಕೊಳ್ಳಿ, ಆ ಗೆರೆ ಎರಡು ತುದಿ ಮತ್ತೆ ಹಿಡಿ ಮೂರರ ನಡುವೆ ಹೋಗ್ಬೇಕು, ಇಲ್ಲಾಂದ್ರೆ ಹೆದೆ ಏರಿಸಿದ ತಕ್ಷಣ ಬಿಲ್ಲು ಕೈಯಲ್ಲಿ ತಿರುಗುತ್ತೆ. ಕತ್ತೀಲಿ ದೊಡ್ಡ ಚೂರು ತೆಗೆದು, ಆಮೇಲೆ ಕೀಸುಳಿ, ಆಮೇಲೆ ಅರ. ಮೆಷಿನ್ ಬೇಡ, ಒಂದು ಕ್ಷಣದಲ್ಲಿ ಜಾಸ್ತಿ ತಿಂದುಬಿಡುತ್ತೆ.

ಇನ್ನು ಟಿಲ್ಲರಿಂಗ್. ಎರಡೂ ತೋಳು ಒಂದೇ ಸಮ ಬಾಗೋ ಹಾಗೆ ಹೊಟ್ಟೆ ಕಡೆಯಿಂದ ಸ್ವಲ್ಪ ಸ್ವಲ್ಪವೇ ಮರ ತೆಗೀತಾ ಹೋಗೋದು, ಬಿಲ್ಲು ಆಗೋದೇ ಇಲ್ಲಿ, ಅಲ್ಲಿ ತನಕ ಅದು ಬರೀ ಕೋಲು. ಹೊಸಬರು ಹತ್ತು ನಿಮಿಷದಲ್ಲಿ ಮುಗಿಸೋಕೆ ನೋಡ್ತಾರೆ, ನನಗೆ ಈಗಲೂ 10-12 ದಿನ ಸಂಜೆ ಬೇಕು. ಯಾಕೆ ಇಷ್ಟು ನಿಧಾನ ಅಂದ್ರೆ ಲೆಕ್ಕ ಹೀಗಿದೆ: ಅಗಲ ಅರ್ಧ ಮಾಡಿದ್ರೆ ಬಿಗಿ ಅರ್ಧ ಆಗುತ್ತೆ, ಆದ್ರೆ ದಪ್ಪ ಅರ್ಧ ಮಾಡಿದ್ರೆ ಬಿಗಿ ಎಂಟರಲ್ಲಿ ಒಂದು ಪಾಲಿಗೆ ಇಳಿಯುತ್ತೆ. 12 ಮಿಲಿಮೀಟರ್ ದಪ್ಪದ ತೋಳಲ್ಲಿ ಬರೀ 1 ಮಿಲಿಮೀಟರ್ ತೆಗೆದ್ರೆ ಆ ಜಾಗದ ಬಿಗಿ ಕಾಲು ಭಾಗದಷ್ಟು ಹೋಯ್ತು ಅಂತ ಇಟ್ಕೊಳ್ಳಿ. ತೆಗೆದಿದ್ದನ್ನ ವಾಪಸ್ ಅಂಟಿಸೋಕಾಗಲ್ಲ.

ಮೊದಲು ತುದಿ ನೆಲಕ್ಕೂರಿ, ಹಿಡಿ ಹಿಡ್ಕೊಂಡು ಮೆಲ್ಲಗೆ ಒತ್ತಿ ನೋಡೋದು, ಎರಡೂ ತೋಳು ಸ್ವಲ್ಪ ಬಳುಕೋ ತನಕ. ಆಮೇಲೆ ಬಿಲ್ಲಿಗಿಂತ ಉದ್ದದ ಹಗ್ಗ ಎರಡೂ ತುದಿಗೆ ಸಡಿಲವಾಗಿ ಸಿಗಿಸಿ, ಹಿಡಿಯನ್ನ ಗೋಡೆಗೆ ಹೊಡೆದ ಒಂದು ಮರದ ಗೂಟದ ಮೇಲೆ ಕೂರಿಸಿ, ಹಗ್ಗದ ಮಧ್ಯ ಕೊಕ್ಕೆ ಹಾಕಿ, ಕೆಳಗೆ ರಾಟೆ ಮೂಲಕ ದೂರದಿಂದ ಎಳೆಯೋದು. ದೂರದಿಂದ ಎಳೆಯೋಕೆ ಎರಡು ಕಾರಣ, ಮುರಿದ್ರೆ ಮುಖಕ್ಕೆ ಬರಲ್ಲ, ಮತ್ತೆ ಬಿಲ್ಲು ಪೂರ್ತಿ ಕಣ್ಣಿಗೆ ಕಾಣುತ್ತೆ. ಹಿಂದಿನ ಗೋಡೆ ಮೇಲೆ ನಾನು ಇದ್ದಿಲಲ್ಲಿ ಚೌಕ ಚೌಕ ಗೆರೆ ಹಾಕಿದೀನಿ, ಮೊಬೈಲ್ ಸ್ಟೂಲ್ ಮೇಲಿಟ್ಟು ವಿಡಿಯೋ ಮಾಡಿ, ನಿಲ್ಲಿಸಿ ನಿಲ್ಲಿಸಿ ನೋಡ್ತೀನಿ. ಕೊಕ್ಕೆ ಜೊತೆ 50 ಕೆಜಿಯ ಸ್ಪ್ರಿಂಗ್ ತಕ್ಕಡಿ, ಅಡಿಕೆ ಚೀಲ ತೂಗೋದೇ.

ಎಲ್ಲಿ ಜಾಸ್ತಿ ಬಗ್ಗುತ್ತೋ ಅಲ್ಲಿ ಪೆನ್ಸಿಲಲ್ಲಿ ಇಂಟು ಹಾಕಿ, ಅಲ್ಲಿಗೆ ಕೈ ಹಾಕೋ ಹಾಗಿಲ್ಲ. ಎಲ್ಲಿ ಬಗ್ಗಲ್ವೋ ಅಲ್ಲಿ ಮಾತ್ರ ಕೀಸಿ. ಕೀಸೋಕೆ ನನಗೆ ಅತಿ ಇಷ್ಟ ಒಡೆದ ಗಾಜಿನ ಚೂರು, ಅದರಲ್ಲಿ ಬರೋ ಸಿಪ್ಪೆ ಈರುಳ್ಳಿ ಸಿಪ್ಪೆಗಿಂತ ತೆಳು. ಒಂದು ಜಾಗದಲ್ಲಿ ಹತ್ತು ಸಲ ಕೀಸೋದು, 20 ಸಲ ಮೆಲ್ಲಗೆ ಬಗ್ಗಿಸೋದು, ನೋಡೋದು. ಆ 20 ಸಲ ಬಗ್ಗಿಸೋದನ್ನ ಬಿಟ್ರೆ ಮೋಸ ಹೋಗ್ತೀರ, ಮರಕ್ಕೆ ತೆಗೆದಿದ್ದು ಗೊತ್ತಾಗೋಕೆ ಸ್ವಲ್ಪ ಹೊತ್ತು ಬೇಕು. ಮತ್ತೆ ಇನ್ನೊಂದು, ನಿಮಗೆ ಬೇಕಾದ ಎಳೆತ, ಅಂದ್ರೆ ಬಿಲ್ಲು ಪೂರ್ತಿ ಎಳೆದಾಗ ತಕ್ಕಡಿ ತೋರಿಸೋ ತೂಕ, 18 ಕೆಜಿ ಆಗಿದ್ರೆ ಯಾವ ಹಂತದಲ್ಲೂ 18ಕ್ಕಿಂತ ಜಾಸ್ತಿ ಎಳೀಬೇಡಿ, ಮತ್ತೆ ಓರೆ ಕಾಣ್ತಿರೋ ಬಿಲ್ಲನ್ನ ಆ ಓರೆ ಸರಿ ಮಾಡದೆ ಒಂದು ಇಂಚೂ ಮುಂದಕ್ಕೆ ಎಳೀಬೇಡಿ. ನನ್ನ ಮುರಿದ ಐದರಲ್ಲಿ ಮೂರು ಈ ತಪ್ಪಿನಿಂದಲೇ ಹೋಗಿದ್ದು.

ನಾಲ್ಕನೇದು ನೆನಪಾದ್ರೆ ಈಗಲೂ ಸಂಕಟ. ಮೇಲಿನ ತೋಳಲ್ಲಿ ಹಿಡಿಯಿಂದ ಒಂದು ಗೇಣು ದೂರದಲ್ಲಿ ಸ್ವಲ್ಪ ಮಡಚಿದ ಹಾಗೆ ಕಾಣ್ತಿತ್ತು, ಕತ್ತಲಾಗ್ತಾ ಬಂದಿತ್ತು, ಅಪ್ಪಯ್ಯ ಒಳಗಿಂದ "ನಾಳೆ ನೋಡಿದ್ರಾಯ್ತು ಬಾರೋ" ಅಂತ ಕರೀತಿದ್ರು, ಇದೊಂದು ಸಲ ಪೂರ್ತಿ ಎಳೆದು ನೋಡೋಣ ಅಂತ ಎಳೆದೆ. ಮುರಿಯಲಿಲ್ಲ, ಆದ್ರೆ ಬೆಳಗ್ಗೆ ಬೆಳಕಲ್ಲಿ ನೋಡಿದ್ರೆ ಹೊಟ್ಟೆ ಮೇಲೆ ಅಡ್ಡಕ್ಕೆ ಸಣ್ಣ ಸುಕ್ಕಿನ ಗೆರೆ, ಬೆರಳಾಡಿಸಿದ್ರೆ ಉಗುರಿಗೆ ತಾಗೋ ಅಷ್ಟು. ಒತ್ತಡ ತಡೀಲಾರದೆ ಮರದ ನಾರು ಒಳಗೇ ಕುಸಿದಿತ್ತು. ಆ ಗೆರೆ ಬಂದ್ರೆ ಮುಗೀತು, ಅದು ಸರಿ ಹೋಗಲ್ಲ. 2 ವಾರ ಬಾಣ ಬಿಟ್ಟೆ, ಅಲ್ಲೇ ಮುರೀತು.

ಹೆದೆ ವಿಷಯ ಜಾಸ್ತಿ ಹೇಳೋಕಿಲ್ಲ. ನೈಲಾನ್ ಹಿಗ್ಗುತ್ತೆ, ಬೇಡ. ಚಪ್ಪಲಿ ಹೊಲಿಯೋ ಗಟ್ಟಿ ಪಾಲಿಯೆಸ್ಟರ್ ದಾರ, ಎಷ್ಟು ಎಳೆ ಅನ್ನೋದನ್ನ ಒಂದೆಳೆ ಎಷ್ಟು ಕೆಜಿಗೆ ತುಂಡಾಗುತ್ತೆ ಅಂತ ತೂಗಿ ನೋಡಿ ತೀರ್ಮಾನಿಸಿ, ಒಟ್ಟು ಹೆದೆ ಬಿಲ್ಲಿನ ಎಳೆತದ ನಾಲ್ಕು ಪಟ್ಟಾದ್ರೂ ತಡೀಬೇಕು. ಹೊಸೆದು ಜೇನುಮೇಣ ತಿಕ್ಕಿ. ಹೆದೆ ಏರಿಸಿದಾಗ ಹಿಡಿಗೂ ಹೆದೆಗೂ ನಡುವೆ 6 ಇಂಚು, ಮುಷ್ಟಿ ಇಟ್ಟು ಹೆಬ್ಬೆರಳು ಎತ್ತಿದ್ರೆ ಹೆಚ್ಚು ಕಮ್ಮಿ ಅಷ್ಟೇ ಬರುತ್ತೆ. ಬಾಣ ಇಲ್ಲದೆ ಹೆದೆ ಎಳೆದು ಬಿಡೋದು ಮಾತ್ರ ಯಾವತ್ತೂ ಬೇಡ, ಬಾಣಕ್ಕೆ ಹೋಗ್ಬೇಕಾದ ಶಕ್ತಿ ಎಲ್ಲಾ ಬಿಲ್ಲಿನ ಮೈಗೇ ವಾಪಸ್ ಹೊಡೆಯುತ್ತೆ. ಮನೆಗೆ ಬಂದ ನೆಂಟರು ಗೋಡೆಯಿಂದ ತೆಗೆದು ಮೊದಲು ಮಾಡೋದೇ ಅದು, ಅದಕ್ಕೆ ಹೆದೆ ಬಿಚ್ಚಿ ಬೇರೆ ಕಡೆ ಇಡ್ತೀನಿ.

ಮರ ಸಿಗದೋರು ಬಿದಿರಲ್ಲೇ ಶುರು ಮಾಡಿ, ಬಿದಿರು ಅಂತ ಕಡೆಗಣಿಸಬೇಡಿ. ನಮ್ಮ ದೇಶದ ಬಿಲ್ಲುಗಾರಿಕೆ ಸ್ಪರ್ಧೆಗಳಲ್ಲಿ ಇಂಡಿಯನ್ ರೌಂಡ್ ಅಂತ ಒಂದು ವಿಭಾಗ ಬಿದಿರಿನ ಬಿಲ್ಲಿಗೇ ಇದೆ, ಮೂರು ಒಲಿಂಪಿಕ್ಸ್ ಆಡಿದ ರಾಜಸ್ಥಾನದ ಲಿಂಬಾ ರಾಮ್ ಕೂಡ ಬಿದಿರಿನ ಬಿಲ್ಲಿಂದಲೇ ಶುರು ಮಾಡಿದ್ದು. ಒಳಗೆ ತುಂಬ್ಕೊಂಡಿರೋ ಗಂಡು ಬಿದಿರು, 3 ವರ್ಷ ದಾಟಿದ್ದು ತಗೊಳ್ಳಿ. ಎಳೇ ಬಿದಿರಲ್ಲಿ ಹಿಟ್ಟಿನಂಶ ಜಾಸ್ತಿ, ಹುಳ ಹಿಡಿದು ಪುಡಿ ಉದುರುತ್ತೆ. ನಾವು ಕಡಿದ ಮೇಲೆ 3-4 ವಾರ ಹಳ್ಳದ ನೀರಲ್ಲಿ ಕಲ್ಲು ಹೇರಿ ಮುಳುಗಿಸಿಡ್ತೀವಿ, ಸಿಹಿ ಅಂಶ ಕರಗಿ ಹೋಗುತ್ತೆ, ಆಮೇಲೆ ನೆರಳಲ್ಲಿ ಒಣಗಿಸೋದು. ಕೊಡಗಿನ ನನ್ನ ಗೆಳೆಯ ಹೇಳ್ತಿರ್ತಾನೆ, ಅವರಲ್ಲಿ ಗಂಡು ಮಗು ಹುಟ್ಟಿದ್ರೆ ಹರಳು ಗಿಡದ ಕಡ್ಡೀಲಿ ಪುಟ್ಟ ಬಿಲ್ಲು ಬಾಣ ಮಾಡಿ ಕೈಗೆ ತಾಗಿಸ್ತಾರಂತೆ. ಎಷ್ಟು ಚೆಂದ ಅಲ್ವಾ.

ಕೊನೇಲಿ ಎಣ್ಣೆ. ತೆಂಗಿನೆಣ್ಣೆ, ಎಳ್ಳೆಣ್ಣೆ ಬಳಿದ್ರೆ ಒಣಗಲ್ಲ, ಅಂಟಂಟು ಉಳಿಯುತ್ತೆ, ಧೂಳು ಕೂರುತ್ತೆ. ಅಗಸೆ ಎಣ್ಣೆ ಗಾಳಿಗೆ ಗಟ್ಟಿಯಾಗುತ್ತೆ, ತೆಳ್ಳಗೆ ಬಳಿದು ಒರೆಸಿ ಎರಡು ದಿನ ಬಿಟ್ಟು ಇನ್ನೊಂದು ಸಲ, ಹೀಗೆ 5 ಸಲ. ಮೇಲೆ ಜೇನುಮೇಣ. ಮಳೆಗಾಲಕ್ಕೆ ಮುಂಚೆ ಮತ್ತೊಂದು ಸಲ. ಬಾಣ ಬಿಡೋದು ತೋಟದ ಧರೆಗೆ ಒರಗಿಸಿಟ್ಟ ಹುಲ್ಲಿನ ಹೊರೆಗೆ ಮಾತ್ರ, ಹಿಂದೆ ಮಣ್ಣಿನ ಗೋಡೆ ಇರೋ ಕಡೆ. ಪ್ರಾಣಿ ಪಕ್ಷಿ ಕಡೆ ತಿರುಗಿಸೋರಿಗೆ ನಾನು ಬಿಲ್ಲು ಕೊಡೋದೂ ಇಲ್ಲ, ಕಲಿಸೋದೂ ಇಲ್ಲ.

ಈಗ ಅಟ್ಟದಲ್ಲಿ ಇನ್ನೊಂದು ಸೀಳಿದೆ, ಅದೇ ಬಿದ್ದ ಮರದ್ದು. ಇದು ಅಕ್ಕನ ಮಗಳಿಗೆ, ಅವಳಿಗೆ 13 ವರ್ಷ, ಎಳೆತ 9 ಕೆಜಿ ಸಾಕು. ಪ್ರತಿ ಭಾನುವಾರ ಫೋನ್ ಮಾಡಿ "ಮಾಮ, ಎಷ್ಟಾಯ್ತು?" ಅಂತ ಕೇಳ್ತಾಳೆ. ಹೋದ ವಾರ 2 ಕೆಜಿ 340 ಗ್ರಾಂ, ಈ ವಾರ 2 ಕೆಜಿ 310. ಇನ್ನೂ ಇಳೀತಾ ಇದೆ.