ಜಪಮಣಿ ಎಣಿಸುವುದರಿಂದ ಶುರು ಮಾಡಿ: ಮುಂಬಯಿಯ ಕನ್ನಡ ತರಗತಿಯಲ್ಲಿ ಧರ್ಮಗಳ ಪರಿಚಯ

‘ಎಲ್ಲ ಧರ್ಮಗಳೂ ಒಂದೇ’ ಎಂದು ಹೇಳಿ ಪಾಠ ಶುರು ಮಾಡಬೇಡಿ. ಏಳು ವರ್ಷದ ಮಗುವಿಗೆ ಆ ಮಾತಿನಲ್ಲಿ ನೋಡಲು, ಮುಟ್ಟಲು ಏನೂ ಸಿಗುವುದಿಲ್ಲ. ಪಕ್ಕದ ಬೆಂಚಿನವಳ ಹಬ್ಬ ಬೇರೆ, ಊಟ ಬೇರೆ ಎನ್ನುವುದು ಅದಕ್ಕೆ ಆಗಲೇ ಗೊತ್ತು. ಕೈಗೆ ಸಿಗುವ ಒಂದು ವಸ್ತುವಿನಿಂದ ಶುರು ಮಾಡಿ. ಜಪಮಣಿಗಿಂತ ಒಳ್ಳೆಯದು ಇನ್ನೊಂದಿಲ್ಲ.

ಮೂವತ್ತು ಮಕ್ಕಳಿದ್ದರೆ ಆರಾರು ಮಂದಿಯ ಐದು ಗುಂಪು ಮಾಡಿ, 40 ನಿಮಿಷ ಇಟ್ಟುಕೊಳ್ಳಿ. ಐದು ಸರ ಬೇಕು: ತುಳಸಿ ಅಥವಾ ರುದ್ರಾಕ್ಷಿ ಮಾಲೆ, ಜೈನರ ನವಕಾರವಾಲಿ, ಬೌದ್ಧರ ಮಾಲೆ, ಮುಸ್ಲಿಮರ ತಸ್ಬೀಹ್, ಕ್ಯಾಥೊಲಿಕರ ಜಪಸರ. ಎಲ್ಲವನ್ನೂ ಹೊಸದಾಗಿ ಅಂಗಡಿಯಿಂದಲೇ ತನ್ನಿ. ಮಕ್ಕಳ ಮನೆಯಿಂದ ತರಿಸಿದರೆ ಅಜ್ಜಿ ದಿನವೂ ಹಿಡಿಯುವ ಸರ ಆರು ಕೈ ದಾಟಿ ಹರಿದು ಬೀಳಬಹುದು. ತಂದ ಮಗು ಆ ಧರ್ಮದ ಪ್ರತಿನಿಧಿಯಾಗಿ ಇಡೀ ತರಗತಿಗೆ ಉತ್ತರ ಕೊಡುತ್ತಾ ನಿಲ್ಲಬೇಕಾಗುತ್ತದೆ. ಪ್ರತಿ ಗುಂಪಿನ ಮುಂದೆ ಒಂದು ಶುಭ್ರ ಬಟ್ಟೆ ಹಾಸಿ, ಸರವನ್ನು ಅದರ ಮೇಲಿಡಿ. ಕೈ ತೊಳೆದು ಬರಬೇಕು, ಕೊರಳಿಗೆ ಹಾಕಿಕೊಳ್ಳಬಾರದು ಎಂಬ ಎರಡೇ ನಿಯಮ ಸಾಕು.

ಹೆಸರು ಹೇಳುವ ಮೊದಲೇ ಎಣಿಸಲು ಬಿಡಿ. ಮೊದಲ ಮೂರರಲ್ಲಿ ಸಾಮಾನ್ಯವಾಗಿ 108 ಮಣಿ, ಆದರೆ ಗಂಟಿನ ಬಳಿಯ ಮೇರುಮಣಿಯನ್ನೂ ಸೇರಿಸಿ ಕೆಲವರು 109 ಎನ್ನುತ್ತಾರೆ, ಜಗಳವೂ ಆಗುತ್ತದೆ. ಆ ಜಗಳ ಒಳ್ಳೆಯದೇ: ಎಣಿಕೆಗೆ ಸೇರದ ಮಣಿ ಯಾಕಿದೆ ಎಂದು ಅವರನ್ನೇ ಕೇಳಿ. ತಸ್ಬೀಹ್‌ನಲ್ಲಿ 33 ಅಥವಾ 99. ನಡುವೆ ಬರುವ ಬೇರೆ ಆಕಾರದ ಮಣಿಗಳನ್ನು ಬಿಟ್ಟು ಎಣಿಸಬೇಕು. ಜಪಸರದಲ್ಲಿ 59: ಯೇಸುವಿನ ತಾಯಿ ಮರಿಯಮ್ಮನ ಪ್ರಾರ್ಥನೆಗೆ 53, ‘ಪರಲೋಕದಲ್ಲಿರುವ ನಮ್ಮ ತಂದೆಯೇ’ ಪ್ರಾರ್ಥನೆಗೆ 6. ಕಣ್ಣು ಮುಚ್ಚಿ ಬೆರಳಲ್ಲೇ ಲೆಕ್ಕ ಹಿಡಿಯುವುದು ಹೇಗೆ ಎಂದು ಮಕ್ಕಳೇ ಕಂಡುಕೊಂಡ ಮೇಲೆ, ಯಾರು ಯಾವಾಗ ಏನು ಹೇಳುತ್ತಾ ಎಣಿಸುತ್ತಾರೆಂದು ತಿಳಿಸಿ.

ಆದರೆ ಮಕ್ಕಳಿಂದ ಜಪ ಮಾಡಿಸಬೇಡಿ. ನಮಾಜಿನ ಅಭಿನಯ, ಆರತಿಯ ಅಭಿನಯ ಯಾವುದೂ ಬೇಡ. ಒಂದು ಮನೆಯವರಿಗೆ ಅದು ನಿಜವಾದ ಪೂಜೆ, ಇನ್ನೊಂದು ಮನೆಯವರಿಗೆ ಅಣಕ. ಪೂರ್ತಿ ಸರ್ಕಾರಿ ಹಣದಿಂದ ನಡೆಯುವ ಶಾಲೆಯಲ್ಲಿ ಧರ್ಮಬೋಧನೆ ಕೂಡದೆಂದು ಸಂವಿಧಾನದ 28ನೇ ವಿಧಿಯೇ ಹೇಳುತ್ತದೆ. ಮಹಾನಗರಪಾಲಿಕೆಯ ಕನ್ನಡ ಶಾಲೆಯವರು ಇದನ್ನು ನೆನಪಿಡಬೇಕು. ಧರ್ಮಗಳ ಬಗ್ಗೆ ತಿಳಿಸಿಕೊಡುವುದಕ್ಕೆ ಅಡ್ಡಿಯಿಲ್ಲ ಎಂದು 2002ರಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ.

ಇನ್ನು ಮಾತಿನ ವಿಷಯ. ಹೆಚ್ಚಿನ ಪಾಠಗಳು ಕೆಡುವುದು ಇಲ್ಲೇ, ಅದೂ ಕನ್ನಡದ ಒಂದು ಸಣ್ಣ ಪ್ರತ್ಯಯದಿಂದ. ‘ಹನುಮಂತ ಸಮುದ್ರ ಹಾರಿದ’ ಎನ್ನುವ ಟೀಚರೇ ಮರುದಿನ ‘ಯೇಸು ಮೂರನೇ ದಿನ ಎದ್ದು ಬಂದನಂತೆ’ ಎನ್ನುತ್ತಾರೆ. ಆ ‘ಅಂತೆ’ಯಲ್ಲಿ ಅನುಮಾನವಿದೆ, ಮಕ್ಕಳ ಕಿವಿ ಅದನ್ನು ತಕ್ಷಣ ಹಿಡಿಯುತ್ತದೆ. ಉಪಾಯ ಸುಲಭ. ಯಾರ ಕಥೆಯೇ ಆಗಲಿ, ‘ಇದು ಕ್ರೈಸ್ತರ ಮನೆಗಳಲ್ಲಿ ಹೇಳುವ ಕಥೆ’, ‘ಇದು ರಾಮಾಯಣದ ಕಥೆ’ ಎಂದು ಆರಂಭದಲ್ಲೇ ಒಮ್ಮೆ ಹೇಳಿಬಿಡಿ, ಆಮೇಲೆ ‘ಅಂತೆ’ ಇಲ್ಲದೆ ನೇರವಾಗಿ ಹೇಳಿ. ನಂಬಿಕೆಯ ಮಾತು ಬಂದಾಗ ಎಲ್ಲರಿಗೂ ‘ಎಂದು ನಂಬುತ್ತಾರೆ’. ‘ನಮ್ಮಲ್ಲಿ’, ‘ಅವರಲ್ಲಿ’ ಎಂಬ ಎರಡು ಪದಗಳನ್ನು ತರಗತಿಯ ಹೊರಗೇ ಬಿಡಿ. ಪೈಗಂಬರರಿಗೆ, ಗುರು ನಾನಕರಿಗೆ ಬಹುವಚನ ತಪ್ಪಬಾರದು.

ಆ ‘ನಮ್ಮಲ್ಲಿ’ಗೆ ಅರ್ಥವೂ ಇಲ್ಲ. ಮುಂಬಯಿಯ ಒಂದೇ ಕನ್ನಡ ತರಗತಿಯಲ್ಲಿ ಊರಿನ ಭೂತಕೋಲಕ್ಕೆ ಹೋಗುವ ಮಗು, ಮನೆಯಲ್ಲಿ ಇಷ್ಟಲಿಂಗ ಪೂಜೆ ನೋಡುವ ಮಗು, ಬ್ಯಾರಿ ಮಗು, ಮಂಗಳೂರಿನ ಕ್ಯಾಥೊಲಿಕ್ ಮಗು, ದೇವರನ್ನೇ ನಂಬದ ಮನೆಯ ಮಗು ಇರಬಹುದು. ಕೊನೆಯ ಮಗುವಿಗೂ ಹೇಳಲು ಸಾಲು ಬೇಕು: ‘ಕೆಲವರು ದೇವರಿಲ್ಲ ಎಂದು ತಿಳಿದು, ಒಳ್ಳೆಯದು ಕೆಟ್ಟದ್ದನ್ನು ಯೋಚಿಸಿ ತೀರ್ಮಾನಿಸುತ್ತಾರೆ.’ ಜೈನರೂ ಬೌದ್ಧರೂ ಸೃಷ್ಟಿಕರ್ತನನ್ನು ಒಪ್ಪುವುದಿಲ್ಲ. ಆದ್ದರಿಂದ ‘ಪ್ರತಿ ಧರ್ಮಕ್ಕೂ ಒಬ್ಬ ದೇವರು’ ಎಂಬ ಚಾರ್ಟ್ ಗೋಡೆಗೆ ಅಂಟಿಸಬೇಡಿ.

ನಾಲ್ಕನೇ ತರಗತಿಗೆ ಗೋಡೆಯ ಕ್ಯಾಲೆಂಡರ್ ಸಾಕು. 2023, 2024, 2025ರದ್ದನ್ನು ಸಾಲಾಗಿ ತೂಗುಹಾಕಿ ಮೂರು ಹಬ್ಬ ಹುಡುಕಿಸಿ. ಕ್ರಿಸ್ಮಸ್ ಡಿಸೆಂಬರ್ 25 ಬಿಟ್ಟು ಕದಲುವುದಿಲ್ಲ. ರಂಜಾನ್ ಈದ್ ಏಪ್ರಿಲ್ 22, ಏಪ್ರಿಲ್ 11, ಮಾರ್ಚ್ 31 ಎಂದು ಹಿಂದೆ ಹಿಂದೆಯೇ ಸರಿಯುತ್ತದೆ. ಯುಗಾದಿ, ಅಂದರೆ ಇಲ್ಲಿಯ ಗುಡಿ ಪಾಡ್ವಾ, ಮಾರ್ಚ್ 22ರಿಂದ ಏಪ್ರಿಲ್ 9ಕ್ಕೆ ಮುಂದೆ ಹಾರಿ, ಮತ್ತೆ ಮಾರ್ಚ್ 30ಕ್ಕೆ ಬರುತ್ತದೆ. ಚಂದ್ರನ ಹನ್ನೆರಡು ತಿಂಗಳಿಗೆ ಸುಮಾರು 354 ದಿನ. ಮುಸ್ಲಿಮರ ಹಿಜರಿ ಲೆಕ್ಕ ಅದನ್ನು ಹಾಗೇ ಬಿಡುತ್ತದೆ, ಹಾಗಾಗಿ ಈದ್ ಸುಮಾರು 33 ವರ್ಷದಲ್ಲಿ ಎಲ್ಲ ಋತುಗಳನ್ನೂ ಸುತ್ತಿ ಬರುತ್ತದೆ. ಪಂಚಾಂಗ ಅಧಿಕ ಮಾಸ ಸೇರಿಸಿ ಸರಿದೂಗಿಸುತ್ತದೆ. 2023ರಲ್ಲಿ ಅಧಿಕ ಶ್ರಾವಣ ಬಂದದ್ದರಿಂದಲೇ ಆ ಜಿಗಿತ. ‘ನಮ್ಮನೆಯಲ್ಲಿ ಹೊಸ ವರ್ಷ ಅಂದರೆ ಬಿಸು, ಅದು ಏಪ್ರಿಲ್ ಮಧ್ಯದಲ್ಲಿ’ ಎಂದು ತುಳು ಮನೆಯ ಮಗು ಎದ್ದು ನಿಂತರೆ ಸೌರಮಾನದ ಪಾಠಕ್ಕೆ ದಾರಿ ತಾನಾಗಿ ತೆರೆಯಿತು.

‘ಯಾವ ದೇವರು ನಿಜ?’ ಎಂದು ಒಂದು ಮಗು ಖಂಡಿತ ಕೇಳುತ್ತದೆ. ‘ಸುಮ್ಮನಿರು’ ಎನ್ನಬೇಡಿ, ನಿಮ್ಮ ಉತ್ತರವನ್ನೂ ಕೊಡಬೇಡಿ. ‘ಇದನ್ನು ದೊಡ್ಡವರೂ ಕೇಳುತ್ತಾರೆ, ಬೇರೆಬೇರೆ ಉತ್ತರ ಕೊಡುತ್ತಾರೆ. ನಿನ್ನ ಮನೆಯಲ್ಲಿ ಏನೆನ್ನುತ್ತಾರೆ, ಕೇಳಿ ನೋಡು’ ಎಂದರೆ ಸಾಕು.

ಹೊರಗೆ ಕರೆದೊಯ್ಯುವುದಾದರೆ ನವೆಂಬರ್‌ನಿಂದ ಫೆಬ್ರವರಿ ಒಳ್ಳೆಯದು, ಜುಲೈ ಮಳೆಯಲ್ಲಿ ಬೇಡ. ಎಂಟು ಮಕ್ಕಳಿಗೆ ಒಬ್ಬ ದೊಡ್ಡವರು. ಪೋಷಕರಿಗೆ ಮೊದಲೇ ಚೀಟಿ ಕಳಿಸಿ: ‘ನೋಡಲು ಹೋಗುತ್ತೇವೆ, ಪೂಜೆಗಲ್ಲ. ಪ್ರಸಾದ ತೆಗೆದುಕೊಳ್ಳುವುದು ನಿಮ್ಮ ಇಷ್ಟ.’ ಮಾಹಿಮ್‌ನ ಸೇಂಟ್ ಮೈಕೆಲ್ ಚರ್ಚ್‌ಗೆ ಬುಧವಾರ ಬೇಡ, ಅಂದು ನೊವೆನಾ ಪ್ರಾರ್ಥನೆಗೆ ಜನಸಾಗರ. ದಾದರ್‌ನಲ್ಲಿ ಅಂಬೇಡ್ಕರರ ಸ್ಮಾರಕವಾದ ಚೈತ್ಯಭೂಮಿಗೆ, ಅವರು ತೀರಿಕೊಂಡ ಡಿಸೆಂಬರ್ 6ರ ಆಸುಪಾಸು ಬಿಟ್ಟು ಹೋಗಿ. ಗುರುದ್ವಾರಕ್ಕೆ ಪ್ರತಿ ಮಗುವಿಗೂ ತಲೆಗೆ ಕಟ್ಟುವ ಕರವಸ್ತ್ರ ಇರಲಿ. ಜೈನರ ದೇವಾಲಯವಾದ ದೇರಾಸರಕ್ಕೆ ಚರ್ಮದ ಬೆಲ್ಟ್ ಬೇಡ. ದಾದರ್ ಪಾರ್ಸಿ ಕಾಲೊನಿಯ ಅಗ್ಯಾರಿ ಎಂಬ ಅಗ್ನಿಮಂದಿರದೊಳಗೆ ಪಾರ್ಸಿಗಳಲ್ಲದವರಿಗೆ ಪ್ರವೇಶವಿಲ್ಲ. ಹೊರಗೆ ನಿಂತೇ ನೋಡಿ, ಒಳಗೆ ಆರದೆ ಉರಿಯುವ ಬೆಂಕಿಯಿದೆ, ಅದರ ಬಳಿಗೆ ಅವರು ಮಾತ್ರ ಹೋಗುತ್ತಾರೆ ಎಂದು ಹೇಳಿ. ಕೆಲವು ಬಾಗಿಲು ನಮಗಲ್ಲ ಎಂದು ಕೋಪವಿಲ್ಲದೆ ಒಪ್ಪಿಕೊಳ್ಳುವುದನ್ನೂ ಮಕ್ಕಳು ಕಲಿಯಲಿ.

ಮರುದಿನ ಒಂದು ಹಾಳೆ ಕೊಡಿ. ಒಂದು ಬದಿಗೆ ನೋಡಿದ ಒಂದು ವಸ್ತುವಿನ ಚಿತ್ರ, ಇನ್ನೊಂದು ಬದಿಗೆ ಅರ್ಥವಾಗದ ಒಂದು ಪ್ರಶ್ನೆ. ಪ್ರಶ್ನೆಗಳನ್ನು ಒಟ್ಟು ಮಾಡಿ ಹಿಂದಿಯಲ್ಲೋ ಮರಾಠಿಯಲ್ಲೋ ಬರೆದು, ಹೋಗಿದ್ದ ಜಾಗದ ಫಾದರ್‌ಗೋ ಗುರುದ್ವಾರದಲ್ಲಿ ಗ್ರಂಥ ಓದುವ ಗ್ರಂಥಿಗೋ ತಲುಪಿಸಿ.