ತೊಟ್ಟಿಯಲ್ಲಿ ತೇಲಿದ್ದು, ಮುಳುಗಿದ್ದು

ದಾವಣಗೆರೆಯ ಹೊರವಲಯದಲ್ಲಿ ಪ್ಲಾಸ್ಟಿಕ್ ಗುಜರಿಯನ್ನು ಬೇರ್ಪಡಿಸಿ, ತೊಳೆದು, ಕರಗಿಸಿ ಕಾಳು ಮಾಡುವ ಸಣ್ಣ ಘಟಕವೊಂದನ್ನು ನಾನು ಹದಿನಾಲ್ಕು ವರ್ಷಗಳಿಂದ ನಡೆಸುತ್ತಿದ್ದೇನೆ. ಈ ಕಾಳಿಗೆ ನಮ್ಮ ವ್ಯಾಪಾರದಲ್ಲಿ ದಾಣಾ ಎನ್ನುತ್ತಾರೆ. ಕೆಲಸ ಆರಂಭಿಸಿದ ಮೂರನೆಯ ತಿಂಗಳಿನಲ್ಲಿ, ಪೈಪು ಮಾಡುವವರಿಗೆ ಕಳುಹಿಸಿದ್ದ ನಾಲ್ಕು ಕ್ವಿಂಟಲ್ ಎಚ್‌ಡಿಪಿಇ, ಅಂದರೆ ಗಟ್ಟಿ ಬಗೆಯ ಪಾಲಿಥೀನಿನ ದಾಣಾ ಹಾಗೆಯೇ ಹಿಂದಿರುಗಿ ಬಂತು. ಜೊತೆಗೆ ಅವರು ಒಂದು ಅಡಿ ಪೈಪನ್ನೂ ಕಳುಹಿಸಿದ್ದರು. ಅದು ಸೀಳಿದ ಜಾಗದಲ್ಲಿ ಅಕ್ಕಿಯ ನುಚ್ಚಿನಷ್ಟು ಗಾತ್ರದ, ಗಾಜಿನಂತೆ ಹೊಳೆಯುವ ಚೂರೊಂದು ಕುಳಿತಿತ್ತು.

ಆ ಚೂರು ನೀರಿನ ಬಾಟಲಿಯದು, ಅಂದರೆ ಪೆಟ್. ಬಿಂದಿಗೆ, ಎಣ್ಣೆಯ ಕ್ಯಾನು, ಶಾಂಪೂ ಡಬ್ಬಿಗಳ ಎಚ್‌ಡಿಪಿಇ ಸುಮಾರು 130 ಡಿಗ್ರಿ ಸೆಲ್ಸಿಯಸ್‌ನಲ್ಲಿ ಕರಗುತ್ತದೆ, ನಮ್ಮ ಯಂತ್ರ 200 ಡಿಗ್ರಿಯ ಆಸುಪಾಸಿನಲ್ಲಿ ಓಡುತ್ತದೆ, ಆದರೆ ಪೆಟ್ ಕರಗಬೇಕಾದರೆ 250 ಡಿಗ್ರಿಯಾದರೂ ಬೇಕು. ಹಾಗಾಗಿ ದೊಡ್ಡ ಚೂರುಗಳು ಯಂತ್ರದ ಜಾಲರಿಗೆ ಅಡ್ಡ ಬಂದು ನಿಂತವು, ಸಣ್ಣವು ನುಸುಳಿಕೊಂಡು ದಾಣಾ ಸೇರಿದವು. ನೋಡುವುದಕ್ಕೆ ಎರಡೂ ಪ್ಲಾಸ್ಟಿಕ್ಕೇ ಆದರೂ ಕರಗಿದ ಮೇಲೆ ಒಂದಕ್ಕೊಂದು ಬೆರೆಯುವುದಿಲ್ಲ ಎಂಬುದನ್ನು ನಾನು ಹಾಗೆ ಕಲಿತೆ.

ಡಬ್ಬಿಯ ತಳದಲ್ಲಿ ತ್ರಿಕೋನದೊಳಗೆ 1ರಿಂದ 7ರವರೆಗಿನ ಒಂದು ಅಂಕಿ ಇರುತ್ತದೆ. 1 ಎಂದರೆ ಪೆಟ್, 2 ಎಚ್‌ಡಿಪಿಇ, 3 ಪಿವಿಸಿ, 4 ಎಲ್‌ಡಿಪಿಇ (ಮೆತ್ತನೆಯ ಪಾಲಿಥೀನ್), 5 ಪಿಪಿ (ಪಾಲಿಪ್ರೊಪಿಲೀನ್), 6 ಪಾಲಿಸ್ಟೈರೀನ್, ಉಳಿದವೆಲ್ಲ 7. ಅಮೆರಿಕದಲ್ಲಿ 1988ರಲ್ಲಿ ಬಳಕೆಗೆ ಬಂದ ಈ ಗುರುತು ಉಪಯುಕ್ತವೇ. ಆದರೆ ಗುಜರಿಗೆ ಬರುವ ಹೊತ್ತಿಗೆ ಡಬ್ಬಿ ಒಡೆದಿರುತ್ತದೆ, ಮುರುಕಿನ ಮೇಲೆ ಅಂಕಿ ಉಳಿದಿರುವುದಿಲ್ಲ. ನಮ್ಮಲ್ಲಿ ಮೊದಲಿನಿಂದಲೂ ಆರಿಸುವ ಕೆಲಸ ಮಾಡುತ್ತಿರುವ ಹಿರಿಯ ಹೆಣ್ಣುಮಗಳೊಬ್ಬರು ಅಂಕಿಯನ್ನು ಎಂದೂ ನೋಡಿದವರಲ್ಲ. ‘ಬಗ್ಗಿಸಿ ನೋಡ್ರಿ ಅಣ್ಣಾ, ನೆಲಕ್ಕೆ ಬಡಿದು ಕೇಳ್ರಿ, ಅದೇ ಹೇಳ್ತೈತಿ’ ಎಂದು ಅವರು ಅಂದು ಹೇಳಿದ ಮಾತನ್ನೇ ನಾನು ಇಂದಿಗೂ ಹೊಸಬರಿಗೆ ಹೇಳುತ್ತೇನೆ. ಪಾಲಿಸ್ಟೈರೀನಿನ ಚಮಚವನ್ನು ಬಗ್ಗಿಸಿದರೆ ಚಟಕ್ಕನೆ ಮುರಿಯುತ್ತದೆ. ಎಚ್‌ಡಿಪಿಇ ಮೇಣದಂತೆ ಕೈಗೆ ನುಣುಪು, ಉಗುರಿನಿಂದ ಗೀರಿದರೆ ಗೆರೆ ಬೀಳುತ್ತದೆ. ಪಿಪಿ ಅದಕ್ಕಿಂತ ಗಡಸು. ಡಬ್ಬಿಗೇ ಅಂಟಿಕೊಂಡ ಮುಚ್ಚಳವನ್ನು ಸಾವಿರ ಸಲ ತೆರೆದು ಮುಚ್ಚಿದರೂ ಮಡಿಕೆಯಲ್ಲಿ ಹರಿಯದಿದ್ದರೆ ಅದು ಬಹುಮಟ್ಟಿಗೆ ಪಿಪಿಯೇ.

ಕೈಗೆ ಅನುಮಾನ ಬಂದದ್ದು ನೀರಿನ ತೊಟ್ಟಿಗೆ ಹೋಗುತ್ತದೆ. ಪಿಪಿ, ಎಲ್‌ಡಿಪಿಇ, ಎಚ್‌ಡಿಪಿಇ ಮೂರೂ ನೀರಿಗಿಂತ ಹಗುರವಾದ್ದರಿಂದ ತೇಲುತ್ತವೆ. ಪೆಟ್, ಪಿವಿಸಿ ಮತ್ತು ಪಾಲಿಸ್ಟೈರೀನ್ ಮುಳುಗುತ್ತವೆ. ಅದೇ ನೀರಿಗೆ ಧಾರಾಳವಾಗಿ ಉಪ್ಪು ಕರಗಿಸಿದರೆ ಪಾಲಿಸ್ಟೈರೀನ್ ಮೇಲೆ ಬರುತ್ತದೆ, ಪೆಟ್ ಮತ್ತು ಪಿವಿಸಿ ತಳದಲ್ಲೇ ಉಳಿಯುತ್ತವೆ. ಪಿಪಿಗೂ ಎಚ್‌ಡಿಪಿಇಗೂ ನಡುವೆ ಗೊಂದಲವಾದಾಗ ನಾನು ಒಂದು ಲೋಟ ಶೇಂಗಾ ಎಣ್ಣೆ ಬಳಸುತ್ತೇನೆ. ಎಣ್ಣೆಯ ಊರೆಂದೇ ಹೆಸರಾದ ಚಳ್ಳಕೆರೆಯ ಕಡೆಯವನಾದ ನನಗೆ ಆ ಎಣ್ಣೆ ಸಹಜವಾಗಿಯೇ ಕೈಗೆ ಬಂತು. ಬಣ್ಣ, ಪುಡಿ ಸೇರದ ಪಿಪಿ ಚೂರು ಅದರಲ್ಲಿ ನಿಧಾನವಾಗಿ ಮೇಲೇಳುತ್ತದೆ, ಎಚ್‌ಡಿಪಿಇ ಕೆಳಗಿಳಿಯುತ್ತದೆ.

ತೊಟ್ಟಿಯೂ ಒಮ್ಮೊಮ್ಮೆ ದಾರಿ ತಪ್ಪಿಸುತ್ತದೆ. ಒಮ್ಮೆ ಸಮುದಾಯ ಭವನವೊಂದರಿಂದ ಬಂದ ಮುರುಕು ಕುರ್ಚಿಗಳ ಚೂರುಗಳು ಪಿಪಿಯಾಗಿದ್ದರೂ ನೇರವಾಗಿ ತಳ ಸೇರಿದವು. ಬೆಲೆ ಇಳಿಸಲು ಅದರಲ್ಲಿ ಸೀಮೆಸುಣ್ಣದ ಪುಡಿಯನ್ನು ಅಷ್ಟು ಬೆರೆಸಿದ್ದರು. ಅಂಥ ಕುರ್ಚಿಯ ಕಾಲು ಬಗ್ಗದೆ ಒಮ್ಮೆಲೇ ಮುರಿಯುತ್ತದೆ, ಮುರಿದ ಬಾಯಿ ಸುಣ್ಣ ಬಳಿದಂತೆ ಬೆಳ್ಳಗಿರುತ್ತದೆ. ಕೊಳ್ಳುವಾಗ ಒಂದೇ ಅಳತೆಯ ಎರಡು ಕುರ್ಚಿಗಳನ್ನು ಎತ್ತಿ ನೋಡಿ, ವಿಪರೀತ ಭಾರವಾದುದನ್ನು ಬಿಡುವುದು ಒಳ್ಳೆಯದೆಂಬುದು ನನ್ನ ಅಭಿಪ್ರಾಯ.

ನಮಗೆ ಅತಿ ಹೆಚ್ಚು ಭಯವಿರುವುದು ಪಿವಿಸಿಯ ಬಗ್ಗೆ. ಕೊಳವೆ ಬಾವಿಯ ಕೇಸಿಂಗ್, ಮನೆಯ ನೀರಿನ ಪೈಪು, ವೈರಿನ ಮೇಲಿನ ಹೊದಿಕೆ ಎಲ್ಲವೂ ಅದೇ. ಅದರ ತೂಕದಲ್ಲಿ ಅರ್ಧಕ್ಕಿಂತ ಹೆಚ್ಚು ಪಾಲು ಕ್ಲೋರಿನ್. ನೆಲದೊಳಗೆ ದಶಕಗಟ್ಟಲೆ ಬಾಳುವ ವಸ್ತು ಅದು, ಆದರೆ ಅತಿಯಾಗಿ ಕಾದರೆ ಹೈಡ್ರೋಕ್ಲೋರಿಕ್ ಆಮ್ಲದ ಹೊಗೆ ಬಿಟ್ಟು ಕಣ್ಣನ್ನೂ ಯಂತ್ರದ ಕಬ್ಬಿಣವನ್ನೂ ತಿನ್ನುತ್ತದೆ. ಅನುಮಾನವಿದ್ದಾಗ ತಾಮ್ರದ ತಂತಿಯನ್ನು ಕೆಂಪಗೆ ಕಾಯಿಸಿ, ಚೂರಿಗೆ ತಾಗಿಸಿ, ಮತ್ತೆ ಜ್ವಾಲೆಗೆ ಹಿಡಿಯುತ್ತೇವೆ; ಜ್ವಾಲೆ ಹಸಿರಾದರೆ ಅದು ಪಿವಿಸಿ. ಇದನ್ನು ಬಯಲಿನಲ್ಲಿ, ಗಾಳಿಗೆ ಬೆನ್ನು ಮಾಡಿ ಮಾತ್ರ ಮಾಡುತ್ತೇವೆ. ತಾಮ್ರ ತೆಗೆಯಲೆಂದು ವೈರನ್ನು ರಾಶಿ ಹಾಕಿ ಸುಡುವವರನ್ನು ಕಂಡಾಗಲೆಲ್ಲ ನಾನು ನಿಂತು ಬೇಡವೆಂದು ಕೇಳಿಕೊಂಡಿದ್ದೇನೆ, ಕೆಲವರು ಕೇಳಿದ್ದಾರೆ.

ಬಿಸಿಲಿನ ಮಾತು ಬೇರೆ. ಮಂಡಕ್ಕಿ ತುಂಬುವ ಬಿಳಿಯ ಚೀಲ ಪಿಪಿ ಪಟ್ಟಿಯ ನೇಯ್ಗೆ. ಚಾವಣಿಯ ಮೇಲೆ ಹೊದಿಸಿಟ್ಟರೆ ನಮ್ಮ ಬೇಸಿಗೆಯಲ್ಲಿ ಅದು ಮುಟ್ಟಿದರೆ ಪುಡಿಯಾಗುವಷ್ಟು ಸೊರಗುತ್ತದೆ. ಚನ್ನಗಿರಿ, ಹೊಳಲ್ಕೆರೆಯ ಅಡಿಕೆ ತೋಟಗಳಿಂದ ಬರುವ ಹನಿ ನೀರಾವರಿಯ ಪೈಪು ಪಾಲಿಥೀನಿನದೇ ಆದರೂ ವರ್ಷಗಟ್ಟಲೆ ಬಿಸಿಲು ತಡೆದಿರುತ್ತದೆ. ಅದಕ್ಕೆ ಬೆರೆಸಿದ, ನೂರಕ್ಕೆ ಎರಡು ಪಾಲಿನಷ್ಟಿರುವ ಇಂಗಾಲದ ಕಪ್ಪು ಪುಡಿಯೇ ಕಾರಣ.

ಮನೆಬಳಕೆಯ ಬಗ್ಗೆ ಕೇಳುವವರಿಗೆ ಎರಡು ವಿಷಯ ಹೇಳುತ್ತೇನೆ. ಖಾಲಿ ನೀರಿನ ಬಾಟಲಿಗೆ ಬಿಸಿ ನೀರು ಹಾಕಬೇಡಿ. ಪೆಟ್ 70 ಡಿಗ್ರಿ ದಾಟಿದರೆ ಮೆತ್ತಗಾಗಿ ಸೊಟ್ಟಗಾಗುತ್ತದೆ. ಬಿಸಿ ಸಾರು ತರಲೇಬೇಕಾದರೆ ಸ್ಟೀಲಿನ ಡಬ್ಬಿ ಉತ್ತಮ, ಅದಿಲ್ಲದಿದ್ದರೆ 5 ಎಂದು ಬರೆದ ಪಿಪಿ ಡಬ್ಬಿ, ಏಕೆಂದರೆ ಅದು 160 ಡಿಗ್ರಿಯವರೆಗೂ ಕರಗುವುದಿಲ್ಲ.

ಕುಕ್ಕರಿನ ಕಪ್ಪು ಹಿಡಿಯನ್ನು ನಾವು ಕೊಳ್ಳುವುದಿಲ್ಲ. ಅದು ಬೇಕಲೈಟಿನ ಜಾತಿ, ಒಮ್ಮೆ ಗಟ್ಟಿಯಾದ ಮೇಲೆ ಕರಗದೆ ಕರಕಾಗುತ್ತದೆ. ಚಿಪ್ಸ್ ಪೊಟ್ಟಣದಲ್ಲಿ ಎರಡು ಮೂರು ಬಗೆಯ ಪ್ಲಾಸ್ಟಿಕ್ ಮತ್ತು ಅಲ್ಯೂಮಿನಿಯಂ ಪದರಗಳು ಅಂಟಿಕೊಂಡಿರುವುದರಿಂದ ಅದನ್ನು ಬಿಡಿಸುವ ದಾರಿ ನಮ್ಮಂಥ ಘಟಕಗಳಿಗೆ ಇಲ್ಲ. ಬೇಡವೆಂದರೂ ಅದು ಉಳಿದ ಸರಕಿನೊಡನೆ ಬಂದೇ ಬರುತ್ತದೆ. ಶೆಡ್ಡಿನ ಹಿಂದಿನ ಮೂಲೆಯಲ್ಲಿ ಅದರ ಮೂಟೆಗಳು ಬೆಳೆಯುತ್ತವೆ. ಲಾರಿ ತುಂಬುವಷ್ಟಾದಾಗ ಸಿಮೆಂಟ್ ಕಾರ್ಖಾನೆಯ ಕುಲುಮೆಗೆ ಉರುವಲಾಗಿ ಕಳುಹಿಸುತ್ತೇನೆ. ಉಳಿದೆಲ್ಲ ಸರಕಿಗೆ ನನಗೆ ಹಣ ಬಂದರೆ, ಆ ಲಾರಿಯ ಬಾಡಿಗೆಯನ್ನು ನಾನೇ ಕೊಡುತ್ತೇನೆ.